ಕುಬಟೂರಿನ ಕಂಬ, ಭಾಸ್ಕರನ ಚೆಂಡು

ಶಿರಾಳಕೊಪ್ಪದಿಂದ ಆನವಟ್ಟಿ ಕಡೆ ಹೋದರೆ ಕುಬಟೂರು ಸಿಗುತ್ತೆ. ಅಲ್ಲಿನ ಕೈಟಭೇಶ್ವರ ದೇವಸ್ಥಾನ ಸುಮಾರು 1100ರದ್ದು. ಬೇಲೂರಿನಷ್ಟು ಕುಸುರಿ ಇಲ್ಲ, ಹಾಗಾಗಿ ಸೆಲ್ಫಿ ತೆಗೆಯುವವರೂ ಕಡಿಮೆ. ಆದರೆ ಮಂಟಪದ ಕಂಬಗಳನ್ನ ನೋಡಬೇಕು. ಗಂಟೆಯ ಹಾಗೆ ಉಬ್ಬಿ, ಕುತ್ತಿಗೆಯಲ್ಲಿ ಸಣ್ಣಗಾಗಿ, ಮತ್ತೆ ತಟ್ಟೆಯಂತೆ ಅಗಲವಾಗುತ್ತವೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತೆ. ಅದನ್ನು ತಿರುಗಿಸುತ್ತಾ, ಉಳಿ ಒತ್ತಿ ಹಿಡಿದು ಕಡೆದ ಕಂಬಗಳಿವು.

ಕ್ಯಾಡ್ ಬಳಸಿದವರಿಗೆ ಇದು ಗೊತ್ತಿರುವ ಕೆಲಸವೇ: ಒಂದು ಗೆರೆ ಎಳಿ, ಒಂದು ಅಕ್ಷ ಆರಿಸು, ‘ರಿವಾಲ್ವ್’ ಒತ್ತು. ಬಿಇಯಲ್ಲಿ ಇಂಥ ಮೇಲ್ಮೈಗಳ ವಿಸ್ತೀರ್ಣಕ್ಕೆ ಇಂಟಿಗ್ರಲ್ ಬರೆದು ಮಾರ್ಕ್ಸ್ ತಗೊಂಡ್ವಿ. ಒಂದು ಕಂಬವನ್ನೂ ಯಾರೂ ತೋರಿಸಲಿಲ್ಲ. ಕಂಬದ ಹೊಟ್ಟೆಯ ಮೇಲೆ ಕಲ್ಲು ಎಲ್ಲಾ ದಿಕ್ಕಿಗೂ ಒಳಮುಖವಾಗಿ ಬಾಗುತ್ತೆ. ಕುತ್ತಿಗೆಯಲ್ಲಿ ಹಾಗಲ್ಲ, ಅಡ್ಡಕ್ಕೆ ಒಂದು ಕಡೆ, ಉದ್ದಕ್ಕೆ ಇನ್ನೊಂದು ಕಡೆ, ಕುದುರೆ ಜೀನಿನ ಹಾಗೆ. 1827ರಲ್ಲಿ ಗೌಸ್ ಮೊದಲನೆಯದನ್ನು ಧನ, ಎರಡನೆಯದನ್ನು ಋಣ ವಕ್ರತೆ ಎಂದು ಲೆಕ್ಕಕ್ಕೆ ತಂದ. ಇಲ್ಲಿ ಎರಡೂ ಒಂದೇ ಕಲ್ಲಿನಲ್ಲಿವೆ.

ಇಷ್ಟು ಹೇಳಿದ ಕೂಡಲೇ ‘ನಮ್ಮ ಪೂರ್ವಜರಿಗೆ ಗೌಸ್‌ಗಿಂತ ಮೊದಲೇ ಎಲ್ಲಾ ಗೊತ್ತಿತ್ತು’ ಅಂತ ವಾಟ್ಸಾಪ್ ಫಾರ್ವರ್ಡ್ ತಯಾರಾಗುತ್ತೆ. ದಯವಿಟ್ಟು ಬೇಡ. ಕಂಬ ಇದೆ ಅಂದರೆ ಸಮೀಕರಣ ಇತ್ತು ಅಂತಲ್ಲ. ಆದರೆ ಕೈಯಲ್ಲಿ ಮಾಡುವುದಕ್ಕೂ ಗಣಿತಕ್ಕೂ ಸಂಬಂಧವೇ ಇಲ್ಲ ಅನ್ನೋದೂ ಅಷ್ಟೇ ಸೋಮಾರಿತನ.

ಭಾಸ್ಕರಾಚಾರ್ಯರನ್ನೇ ತಗೊಳ್ಳಿ. ಅವರ ಊರು ವಿಜ್ಜಡವಿಡ ನಮ್ಮ ವಿಜಯಪುರವೋ, ಮಹಾರಾಷ್ಟ್ರದ್ದೋ, ಆ ಜಗಳ ಇಲ್ಲಿ ಬೇಡ. ‘ಸಿದ್ಧಾಂತ ಶಿರೋಮಣಿ’ ಬರೆದದ್ದು 1150ರಲ್ಲಿ, ಅಂದರೆ ಈ ಕಂಬಗಳಾಗಿ ಸುಮಾರು ಅರ್ಧ ಶತಮಾನಕ್ಕೆ. ಗೋಳದ ಮೇಲ್ಮೈ ಎಷ್ಟು ಎಂದು ವಿವರಿಸುವಾಗ ಅವರು ಓದುಗನಿಗೆ ಒಂದು ಕೆಲಸ ಕೊಡುತ್ತಾರೆ: ಮಣ್ಣಿನಲ್ಲೋ ಮರದಲ್ಲೋ ಒಂದು ಚೆಂಡು ಮಾಡು. ಅದರ ಸುತ್ತಳತೆ 21,600 ಕಲೆ ಎಂದುಕೋ. ನೆತ್ತಿಯಲ್ಲಿ ಒಂದು ಚುಕ್ಕಿ ಇಡು. ಅಲ್ಲಿಂದ 225 ಕಲೆಗೊಂದರಂತೆ ವೃತ್ತ ಎಳೆಯುತ್ತಾ ನಡುವಿನವರೆಗೆ ಬಾ, 24 ವೃತ್ತ ಆಗುತ್ತವೆ. ಎರಡು ವೃತ್ತಗಳ ನಡುವಿನ ಜಾಗ ಒಂದು ಬಳೆ. ಬಳೆಗಳ ವಿಸ್ತೀರ್ಣ ಕೂಡಿಸಿ, ಕೆಳಗಿನ ಅರ್ಧಕ್ಕೂ ಅಷ್ಟೇ ಸೇರಿಸಿದರೆ ಇಡೀ ಗೋಳ. ಚೆಂಡಿನ ನಡುವಿನ ವೃತ್ತದ ವಿಸ್ತೀರ್ಣದ ನಾಲ್ಕು ಪಟ್ಟು ಬರುತ್ತೆ.

ಕಂಬ ಕಡೆಯುವವನ ಉಳಿ ಹೋಗುವುದೂ ಹೀಗೇ, ಬಳೆ ಬಳೆಯಾಗಿ. ಅವನಿಗೆ ಜ್ಯಾ ಕೋಷ್ಟಕ ಗೊತ್ತಿತ್ತು ಅಂತ ನಾನು ಹೇಳ್ತಿಲ್ಲ. ಭಾಸ್ಕರರು ಕಲ್ಪಿಸಿಕೋ ಅನ್ನದೆ ಮಾಡು ಅಂದರಲ್ಲ, ಅದು ನನಗೆ ಮುಖ್ಯ.

ಯುರೋಪಿನಲ್ಲಿ ಇದೇ ಹುಚ್ಚು ಜೋರಾದದ್ದು 1870ರ ದಶಕದಲ್ಲಿ. ಮ್ಯೂನಿಕ್‌ನ ತಾಂತ್ರಿಕ ಕಾಲೇಜಿನಲ್ಲಿ ಫೆಲಿಕ್ಸ್ ಕ್ಲೈನ್ ಮತ್ತು ಅಲೆಕ್ಸಾಂಡರ್ ಬ್ರಿಲ್ ವಿದ್ಯಾರ್ಥಿಗಳಿಂದ ಮೇಲ್ಮೈಗಳ ಪ್ಲಾಸ್ಟರ್ ಮಾದರಿ ಮಾಡಿಸಿದರು. ಹೌದು, ಗಣಪತಿ ಮಾಡೋ ಅದೇ ಪಿಓಪಿ. ಮಾಡಿದ ಹುಡುಗರಲ್ಲಿ ಒಬ್ಬ ರುಡಾಲ್ಫ್ ಡೀಸೆಲ್, ಮುಂದೆ ಎಂಜಿನ್ ಕಟ್ಟಿದವನು. ಬ್ರಿಲ್‌ನ ಸೋದರ ಲುಡ್ವಿಗ್ ಇವನ್ನು ವಿಶ್ವವಿದ್ಯಾಲಯಗಳಿಗೆ ಮಾರಿದ. ಆ ವ್ಯಾಪಾರ ಮುಂದೆ ಮಾರ್ಟಿನ್ ಶಿಲ್ಲಿಂಗ್ ಕೈಗೆ ಹೋಗಿ, 1911ರ ಕ್ಯಾಟಲಾಗ್‌ನಲ್ಲಿ ಸುಮಾರು 400 ಮಾದರಿಗಳಿದ್ದವು. ಆಮೇಲೆ ಗಣಿತ ಅಮೂರ್ತವಾಗುತ್ತಾ ಹೋಯಿತು, ಮಾದರಿಗಳು ಕಪಾಟು ಸೇರಿದವು.

ಆ ಕ್ಯಾಟಲಾಗ್‌ಗಳಲ್ಲಿ ಮಾದರಿ ಮಾಡಿದ ವಿದ್ಯಾರ್ಥಿಗಳ ಹೆಸರು ಅಚ್ಚಾಗಿದೆ. ನಮ್ಮಲ್ಲೂ ಹೆಸರು ಬರೆದುಕೊಂಡವರಿದ್ದಾರೆ. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರು ಬೇಲೂರಿನ ಮದನಿಕೆಗಳಲ್ಲಿದೆ. ಕಲೆಯ ಪುಸ್ತಕಗಳಲ್ಲಿ ಇಬ್ಬರೂ ಸಿಗುತ್ತಾರೆ. ಕಂಬ ಕಡೆದವರನ್ನು ಮಾತ್ರ ನಾನು ಓದಿದ ಯಾವ ಗಣಿತದ ಪುಸ್ತಕವೂ ಒಳಗೆ ಕರೆದಿಲ್ಲ.