ಅರಗಿನಿಂದ ವಾರ್ನಿಷಿನವರೆಗೆ



ಒಂದು ಬೇಸಗೆಯಲ್ಲಿ ನಮ್ಮ ಹಳ್ಳಿಯ ಮನೆಗೆ ಹೊಸ ತಲೆಬಾಗಿಲು ಮಾಡಿಸಿದೆವು. ಪೇಟೆಯ ಅಂಗಡಿಯೊಂದರಲ್ಲಿ "ಬಾಗಿಲಿಗೆ ಹಚ್ಚೋದಕ್ಕೆ ಪಾಲಿಶ್ ಕೊಡಿ" ಅಂದೆ. ಹಚ್ಚಿದ ದಿನ ಬಾಗಿಲು ಕನ್ನಡಿಯ ಹಾಗೆ ಹೊಳೆಯಿತು. ಆಷಾಢದ ಎರಚಲು ಬಿದ್ದದ್ದೇ ತಡ, ಕೆಳಗಿನ ಹಲಗೆಯೆಲ್ಲ ಬೂದಿ ಬಳಿದಂತೆ ಬೆಳ್ಳಗಾಯಿತು. ಹೋಗಿ ಕೇಳಿದರೆ, "ತಾವು ಪಾಲಿಶ್ ಕೇಳಿದಿರಿ, ಪಾಲಿಶ್ ಕೊಟ್ಟೆವು" ಅಂದರು. ಅದೂ ಸುಳ್ಳಲ್ಲ. ಬೀಜ ಗೊಬ್ಬರಗಳ ಹೆಸರನ್ನು ಊರೂರಿಗೆ ಹೇಳಿಕೊಂಡು ಬರುವ ನನಗೇ ಬಾಗಿಲಿಗೆ ಹಚ್ಚುವ ವಸ್ತುವಿನ ಹೆಸರು ಗೊತ್ತಿರಲಿಲ್ಲ. ಈ ಹೆಸರುಗಳು ಎಲ್ಲಿಂದ ಬಂದವು ಅಂತ ಆಮೇಲೆ ಹುಡುಕುತ್ತ ಹೋದೆ. ಹಾದಿ ನಮ್ಮ ಹೊಲದ ಬದುವಿನ ಮುತ್ತುಗದ ಮರಕ್ಕೇ ಬಂದು ನಿಂತಿತು.

ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆಯ ಕಡ್ಡಿಗಳಲ್ಲಿ ಒಂದು ಸಣ್ಣ ಹುಳು ಸಾವಿರಗಟ್ಟಲೆ ಮುತ್ತಿಕೊಂಡು ರಸ ಹೀರುತ್ತದೆ. ತನ್ನ ಮೈ ಸುತ್ತ ಅಂಟಿನ ಗೂಡು ಕಟ್ಟಿಕೊಳ್ಳುತ್ತದೆ. ಅದೇ ಅರಗು, ಸಂಸ್ಕೃತದಲ್ಲಿ ಲಾಕ್ಷಾ. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಅರಗಿನ ಮನೆಯ ಕಥೆ ಯಾರಿಗೆ ತಿಳಿಯದು? ಕಡ್ಡಿಯೊಡನೆ ಇರುವುದು ಕಡ್ಡಿ ಅರಗು. ಕೆರೆದು, ಕುಟ್ಟಿ, ತೊಳೆದರೆ ಕಾಳು ಅರಗು. ಅದನ್ನು ಬಟ್ಟೆಯ ಉದ್ದ ಚೀಲದಲ್ಲಿ ತುಂಬಿ, ಬೆಂಕಿಯ ಮುಂದೆ ಕರಗಿಸಿ ಹಿಂಡಿ, ತೆಳ್ಳಗೆ ಹಾಳೆಯಂತೆ ಎಳೆದು ಮುರಿದರೆ ಷೆಲ್ಲಾಕ್. ಚಿಪ್ಪಿನಂತೆ ತೆಳುವಾದ ಲಾಕ್ ಎಂದೇ ಆ ಹೆಸರು.

ಮೊದಲು ಪರದೇಶದವರಿಗೆ ಬೇಕಾಗಿದ್ದದ್ದು ಈ ಅಂಟಿಗಿಂತ ಹೆಚ್ಚಾಗಿ ತೊಳೆದ ನೀರಿನ ಕೆಂಪು ಬಣ್ಣ. ಬಟ್ಟೆಗೆ ಹಾಕಲು ಅದು ಹಡಗೇರಿ ಹೋಗುತ್ತಿತ್ತು. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ಹದಿನೆಂಟು ವರ್ಷದ ಹುಡುಗ ಕಲ್ಲಿದ್ದಲ ಟಾರಿನ ಸರಕಿನಿಂದ ಬಣ್ಣ ಮಾಡಿದ. ಅದರ ಹಿಂದೆ ಬಂದ ಬಣ್ಣಗಳು ಅರಗಿನ ಕೆಂಪನ್ನು ಮೂಲೆಗೆ ತಳ್ಳಿದವು. ಆದರೆ ಅಂಟಿಗೆ ಬೆಲೆ ಏರಿತು. ಸ್ಪಿರಿಟ್ಟಿನಲ್ಲಿ ಕರಗಿಸಿ ಮೇಜು ಕುರ್ಚಿಗೆ ತಿಕ್ಕುವ ಫ್ರೆಂಚ್ ಪಾಲಿಶ್ ಯುರೋಪಿನ ಮನೆಮನೆಗೂ ಹೋಗಿತ್ತು. ಆಮೇಲೆ ಗ್ರಾಮಫೋನು ಬಂತು. ನಮ್ಮ ಅಜ್ಜಂದಿರು ಕೇಳಿದ ಆ ಕಪ್ಪು ತಟ್ಟೆಗಳಲ್ಲಿ ಇದ್ದದ್ದು ಇದೇ ಹುಳುವಿನ ಅರಗು! 1942ರಲ್ಲಿ ಯುದ್ಧಕ್ಕೆ ಅರಗು ಬೇಕೆಂದು ಅಮೆರಿಕದ ಸರ್ಕಾರ ತಟ್ಟೆ ಮಾಡುವವರ ಪಾಲನ್ನೇ ಕಡಿಮೆ ಮಾಡಿತು.

ನಮ್ಮಲ್ಲೂ ಇದಕ್ಕೊಂದು ಕಾರ್ಖಾನೆ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಪ್ರಾರಂಭವಾಯಿತು. 1989ರಲ್ಲಿ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದಾಯಿತು. ಬಾಗಿಲ ಮೇಲಿನ ಹಲಗೆಯಿಂದ ಅರಗು ಹೋಗಿ ವಾರ್ನಿಷ್ ಬಂತು, ನೋಡಿ. ಓಟು ಹಾಕಿದಾಗ ಬೆರಳಿಗೆ ಹಚ್ಚುವ ಮಸಿ ಅಲ್ಲಿಯದೇ. ಇನ್ನು ಚನ್ನಪಟ್ಟಣದಲ್ಲಿ ಅರಗು ಅರಗಾಗಿಯೇ ಉಳಿದಿದೆ. ತಿರುಗುವ ಹಾಲೆ ಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅದು ಕರಗಿ ಹತ್ತುತ್ತದೆ. ಕೇದಗೆಯ ಗರಿ ಹಿಡಿದರೆ ಮೆರುಗು ಬರುತ್ತದೆ.

ಲ್ಯಾಕರ್ ಎಂಬ ಮಾತು ಮಾತ್ರ ಬಹಳ ಮೋಸ ಮಾಡುತ್ತದೆ. ಹೆಸರು ಹುಟ್ಟಿದ್ದು ಲಾಕ್‌ನಿಂದ, ಆದರೆ ಚೀಣಾ ಜಪಾನಿನ ಲ್ಯಾಕರ್ ಹುಳುವಿನದಲ್ಲ, ಮರದ ಸೋನೆ. ಆ ಮರ ನಮ್ಮ ಮಾವು, ಗೋಡಂಬಿಯ ಬಳಗದ್ದು. ಮಾವಿನ ಸೋನೆ ತಾಗಿದರೆ ಬಾಯಿ ಸುಡುವುದಿಲ್ಲವೇ, ಅದೂ ಹಾಗೆಯೇ ಮೈ ತುರಿಸುತ್ತದೆ. ಈಗ ಡಬ್ಬಿಯಲ್ಲಿ ಬರುವ ಲ್ಯಾಕರ್ ಈ ಎರಡೂ ಅಲ್ಲ, ಕಾರ್ಖಾನೆಯ ಸರಕು.

ಈಗ ನನ್ನ ಬಾಗಿಲಿಗೆ ಬರೋಣ. ನನಗೆ ಕೊಟ್ಟದ್ದು ಸ್ಪಿರಿಟ್ಟಿನಲ್ಲಿ ಕರಗಿದ ಅರಗು. ಸ್ಪಿರಿಟ್ ಹಾರಿಹೋಗಿ ಅರಗು ಉಳಿಯುತ್ತದೆ. ನೀರು ನಿಂತರೆ ಬಿಳಿಚುತ್ತದೆ, ಬಿಸಿ ಪಾತ್ರೆ ಇಟ್ಟರೆ ಗುರುತಾಗುತ್ತದೆ. ಒಳಮನೆಯ ಪೆಟ್ಟಿಗೆ, ತೊಟ್ಟಿಲಿಗೆ ಅದು ಸರಿ. ಹಳೆಯ ಕಾಲದ ವಾರ್ನಿಷ್ ಎಂದರೆ ಅಗಸೆ ಎಣ್ಣೆಯಲ್ಲಿ ರಾಳ ಕಾಯಿಸಿ ಟರ್ಪೆಂಟೈನಿನಿಂದ ತಿಳಿ ಮಾಡಿದ್ದು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹರಳೆಣ್ಣೆ ಹಾಗಲ್ಲ, ಎಷ್ಟು ದಿನವಾದರೂ ಜಿಡ್ಡಾಗಿಯೇ ಇರುತ್ತದೆ. ಅದಕ್ಕೇ ಅದು ಗಾಡಿಯ ಅಚ್ಚಿಗೆ ಹೋಯಿತು, ಅಗಸೆ ಎಣ್ಣೆ ಬಾಗಿಲಿಗೆ ಬಂತು. ಈಗಿನ ವಾರ್ನಿಷಿನಲ್ಲಿ ರಾಳದ ಬದಲು ಕಾರ್ಖಾನೆಯ ಅಂಟು ಇರುವುದೇ ಹೆಚ್ಚು. ಕೊಳ್ಳುವಾಗ "ಹೊರಗಿನ ಮರಕ್ಕೆ, ಮಳೆ ಬಿಸಿಲಿಗೆ" ಅಂತ ಬಿಡಿಸಿ ಹೇಳಿ.

ಪೇಂಟು ಎಂದರೆ ಅದೇ ಎಣ್ಣೆ ಅಂಟಿಗೆ ಬಣ್ಣದ ಪುಡಿ ಕೂಡಿಸಿದ್ದು. ಇದರಲ್ಲಿ ಒಂದು ವಿಷದ ಮಾತಿದೆ. ಹಿಂದೆ ಬಿಳುಪಿಗೆ ಸೀಸದ ಸಫೇದ, ಕೆಂಪಿಗೆ ಸೀಸದ ಸಿಂಧೂರ ಹಾಕುತ್ತಿದ್ದರು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣ ನಿಮ್ಮ ಕೊಟ್ಟಿಗೆಯ ಬಾಗಿಲು, ಗೋದಲೆಗಳ ಮೇಲೆ ಇದ್ದೀತು. ದನಕ್ಕೆ ನೆಕ್ಕುವ ಚಟ. ಸೀಸ ಹೊಟ್ಟೆಗೆ ಹೋದರೆ ಕರು ಕಣ್ಣು ಕಾಣದೆ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಸಾಯಲೂಬಹುದು. ಅಂಥ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಪುಡಿ ಮಕ್ಕಳ ಉಸಿರಿಗೆ ಹೋಗುತ್ತದೆ. ನೀರು ಹಾಕಿ ಒದ್ದೆ ಮಾಡಿ ಕೆರೆಯಿರಿ. ಕೆರೆದ ಚೂರು ತಿಪ್ಪೆಗೂ ಬೇಡ, ಒಲೆಗೂ ಬೇಡ. ಗೋದಲೆಗೆ ಮತ್ತೆ ಬಣ್ಣ ಹಚ್ಚದೆ ಬರಿಯ ಮರವಾಗಿಯೇ ಬಿಡಿ.

ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತಾನೇ ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲಿ ಹುಲ್ಲಿನ ಬಣವೆ ಇದ್ದರೆ ಕೇಳುವುದೇ ಬೇಡ. ನೀರಿನಲ್ಲಿ ಅದ್ದಿ, ಒಂದೊಂದಾಗಿ ಬಯಲಿನಲ್ಲಿ ಹರಡಿ.