ಟೋಪಿಯಲ್ಲಿ ಕೂಡಿದ 32 ಡಾಲರು

ಉದ್ಯಾನ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕತ್ತರಿಸಿ ಒಪ್ಪಮಾಡಿದ ಗಿಡಗಳ ಸಾಲು, ಕಲ್ಲಿನ ಬೆಂಚು, ಸಂಜೆಯ ಹೊತ್ತಿನಲ್ಲಿ ಕಡಲೆಕಾಯಿ ಮಾರುವವನ ಕೂಗು. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ‘ಸ್ಟೇಟ್ ಪಾರ್ಕ್’ ಎಂದು ಕರೆಯುವುದು ಇಂಥದಲ್ಲ. ಅದು ಸಾವಿರಾರು ಎಕರೆಗಳ ಕಾಡಾಗಿರಬಹುದು, ಕಡಲ ದಂಡೆಯಾಗಿರಬಹುದು, ಒಬ್ಬ ಕಾದಂಬರಿಕಾರ ಬಾಳಿ ತೀರಿಕೊಂಡ ಮನೆಯೂ ಆಗಿರಬಹುದು. ಒಡೆತನ ಸಂಸ್ಥಾನದ ಸರ್ಕಾರದ್ದು. ಆದರೆ ಸರ್ಕಾರ ಒಡೆಯನಾದದ್ದು ಹೇಗೆ, ಒಡೆಯನಾಗಿ ಉಳಿದದ್ದು ಯಾರ ದೆಸೆಯಿಂದ ಎಂಬುದರ ಹಿಂದೆ ಒಂದು ದೊಡ್ಡ ಇತಿಹಾಸವಿದೆ.

ಮಗಳ ಮನೆಗೆಂದು ಸ್ಯಾನ್ ಹೊಸೆ ನಗರಕ್ಕೆ ಹೋಗಿದ್ದಾಗ ನಾನು ಬಿಗ್ ಬೇಸಿನ್ ಎಂಬ ಉದ್ಯಾನವನ್ನು ನೋಡಿದೆ. ಅಲ್ಲಿ ತಲೆ ನರೆತ ಮಹಿಳೆಯೊಬ್ಬರು ಬಂದವರಿಗೆಲ್ಲ ಮರಗಳ ವಿಷಯ ಹೇಳುತ್ತ ನಿಂತಿದ್ದರು. ಅವರ ವಿವರಣೆ ಮುಗಿದ ಮೇಲೆ, ನಮ್ಮವರಿಗೆ ಸಹಜವಾದ ಕುತೂಹಲದಿಂದ, ಈ ಕೆಲಸಕ್ಕೆ ಸಂಬಳವೆಷ್ಟು ಎಂದು ಕೇಳಿಬಿಟ್ಟೆ. ಮಗಳು ನನ್ನ ತೋಳು ಜಗ್ಗಿದಳು. ಆಕೆ ನಕ್ಕು, ಸಂಬಳವಿಲ್ಲ, ಬರುವ ಪೆಟ್ರೋಲಿನ ಖರ್ಚೂ ತಮ್ಮದೇ ಎಂದರು. ಇಂಥ ಸ್ವಯಂಸೇವಕರು ಆ ಸಂಸ್ಥಾನದ ಎಷ್ಟೋ ಉದ್ಯಾನಗಳಲ್ಲಿದ್ದಾರೆ. ಅಲ್ಲಿಂದ ದೂರವಲ್ಲದ ಆನ್ಯೋ ನುಎವೋ ಎಂಬ ಕಡಲತೀರದಲ್ಲಿ ಚಳಿಗಾಲಕ್ಕೆ ಆನೆಸೀಲುಗಳು ಮರಿಹಾಕಲು ದಂಡೆಗೆ ಬರುತ್ತವೆ. ಆ ದಿನಗಳಲ್ಲಿ ಜನರನ್ನು ಅವುಗಳ ಬಳಿಗೆ ಕರೆದೊಯ್ದು ಕರೆತರುವವರೂ ಇವರೇ. ಮಗಳು ಕೂಡ ಕಚೇರಿಯ ಗೆಳೆಯರೊಡನೆ ಒಂದು ಶನಿವಾರ ಯಾವುದೋ ಉದ್ಯಾನದಲ್ಲಿ ಕಳೆ ಕೀಳಲು ಹೋಗಿದ್ದಳಂತೆ. ಮನೆಯ ಹಿತ್ತಲಿನಲ್ಲಿ ಒಂದು ಕಡ್ಡಿ ಕಿತ್ತವಳಲ್ಲ.

ಬಿಗ್ ಬೇಸಿನ್ನಿನ ಕಥೆ ಒಂದು ಬೆಂಕಿಯಿಂದ ಆರಂಭವಾಗುತ್ತದೆ. 1899ರಲ್ಲಿ ಸಾಂತಾ ಕ್ರೂಜ್ ಬೆಟ್ಟಗಳಲ್ಲಿ ಕಾಡುಕಿಚ್ಚು ಎದ್ದಿತು. ನೀರು ಸಾಲದೆ, ಪೀಪಾಯಿಗಳಲ್ಲಿದ್ದ ದ್ರಾಕ್ಷಾರಸವನ್ನೇ ಸುರಿದು ಉರಿ ಆರಿಸಿದರಂತೆ. ಇಂಗ್ಲೆಂಡಿನ ಪತ್ರಿಕೆಯೊಂದಕ್ಕೆ ಈ ಸುದ್ದಿ ಬಹಳ ರುಚಿಸಿತು. ಲೇಖನಕ್ಕೆ ಬೇಕಾದ ಚಿತ್ರಗಳಿಗಾಗಿ ಸ್ಯಾನ್ ಹೊಸೆಯ ಆಂಡ್ರೂ ಹಿಲ್ ಎಂಬ ಕಲಾವಿದನನ್ನು ಅದು ಕೇಳಿಕೊಂಡಿತು. ಹಿಲ್ ವರ್ಣಚಿತ್ರಕಾರ, ಛಾಯಾಗ್ರಹಣವೂ ಆತನ ಕಸುಬು. ದೊಡ್ಡ ರೆಡ್‌ವುಡ್ ಮರಗಳ ಚಿತ್ರ ತೆಗೆಯಲೆಂದು ಫೆಲ್ಟನ್ ಎಂಬ ಊರಿನ ಬಳಿಯ ತೋಪೊಂದಕ್ಕೆ ಆತ ಹೋದ. ತೋಪಿನ ಒಡೆಯ ಕೆರಳಿದ. ನನ್ನ ಅಪ್ಪಣೆಯಿಲ್ಲದೆ ತೆಗೆದ ಚಿತ್ರದ ಗಾಜಿನ ಫಲಕಗಳನ್ನು ಇಲ್ಲೇ ಇಟ್ಟು ಹೋಗು ಎಂದ. ಈ ಮರಗಳು ನಾಳೆ ಸೌದೆಗೂ ರೈಲುಹಾದಿಯ ದಿಮ್ಮಿಗೂ ಹೋಗತಕ್ಕವು ಎಂದೂ ಹೇಳಿದ. ಹಿಲ್ ಫಲಕಗಳನ್ನು ಕೊಡಲಿಲ್ಲ. ಮರಗಳು ಒಬ್ಬನ ಸೊತ್ತಾಗಿರಬಾರದೆಂಬ ಹಟ ಮಾತ್ರ ಆತನ ಮನಸ್ಸಿನಲ್ಲಿ ಬೇರೂರಿತು.

ರೆಡ್‌ವುಡ್ ಎಂಬುದು ಮುನ್ನೂರು ಅಡಿ ಮೀರಿ ಬೆಳೆಯುವ ಮರ. ಸಾವಿರ ವರ್ಷ ದಾಟಿದ ಮರಗಳು ಅಲ್ಲಿ ಅಪರೂಪವಲ್ಲ. ಅದರ ಗುಣವೇ ಅದಕ್ಕೆ ಶತ್ರುವಾಯಿತು. ಬೇಗ ಕೊಳೆಯದ ಮರವಾದುದರಿಂದ ಮನೆಗೆ, ಬೇಲಿಗೆ, ದ್ರಾಕ್ಷಿಯ ತೋಟದ ಗೂಟಕ್ಕೆ, ಎಲ್ಲಕ್ಕೂ ಅದೇ ಬೇಕಾಯಿತು. ಇಪ್ಪತ್ತು ಲಕ್ಷ ಎಕರೆಗೂ ಮಿಕ್ಕಿದ್ದ ಹಳೆಯ ಕಾಡಿನಲ್ಲಿ ಇಂದು ಉಳಿದಿರುವುದು ನೂರಕ್ಕೆ ಐದು ಪಾಲಿನಷ್ಟು.

ಅದೇ 1899ರ ಕಿಚ್ಚಿನಲ್ಲಿ ಜೋಸೆಫೀನ್ ಮೆಕ್ರಾಕಿನ್ ಎಂಬ ಲೇಖಕಿಯ ಮನೆ ಸುಟ್ಟುಹೋಗಿತ್ತು. ಮನೆ ಕಳೆದುಕೊಂಡ ಆಕೆ ತನ್ನ ದುಃಖವನ್ನು ತೋಡಿಕೊಳ್ಳುತ್ತ ಕೂರದೆ, 1900ರ ಮಾರ್ಚಿಯಲ್ಲಿ ಸಾಂತಾ ಕ್ರೂಜಿನ ಪತ್ರಿಕೆಗೆ ಕಾಗದ ಬರೆದು, ಕಿಚ್ಚಿಗಿಂತ ಕೊಡಲಿ ದೊಡ್ಡ ಹಗೆ, ಮರಗಳನ್ನು ಉಳಿಸಿ ಎಂದು ಮೊರೆಯಿಟ್ಟಳು. ಸಾಹಿತ್ಯದ ಇತಿಹಾಸದಲ್ಲಿ ಆಕೆಗೆ ದೊಡ್ಡ ಸ್ಥಾನವಿಲ್ಲ. ಆದರೆ ಒಂದು ಕಾಗದದಿಂದ ಇಷ್ಟು ಮರ ಉಳಿಯಲು ನೆರವಾದ ಲೇಖಕರು ಎಷ್ಟು ಮಂದಿ ಇದ್ದಾರು? ನಾವು ಬರೆಯುವವರು ಸಾಮಾನ್ಯವಾಗಿ ಕಾಗದಕ್ಕಾಗಿ ಮರ ಕಡಿಸುವವರೇ.

ಆ ವರ್ಷದ ಮೇ 1ರಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಸಕ್ತರ ಸಭೆ ಸೇರಿತು. ಯಾವ ಕಾಡನ್ನು ಕೇಳಬೇಕು ಎಂಬುದನ್ನು ಕಣ್ಣಾರೆ ಕಂಡು ತೀರ್ಮಾನಿಸಲು ಒಂದು ಸಣ್ಣ ತಂಡ ಬಿಗ್ ಬೇಸಿನ್ನಿಗೆ ಹೋಗಿ ಡೇರೆ ಹಾಕಿತು. ತಂಡದಲ್ಲಿ ಹಿಲ್ ಇದ್ದ. ಕ್ಯಾರೀ ಸ್ಟೀವನ್ಸ್ ವಾಲ್ಟರ್ ಎಂಬ ಕವಯಿತ್ರಿಯೂ ಇದ್ದಳು. ಮೇ 18ರ ರಾತ್ರಿ ಜಾರುಬಂಡೆ ಎಂಬ ಅರ್ಥದ ಹೆಸರಿನ ಒಂದು ಬಂಡೆಯ ಬುಡದಲ್ಲಿ ಕುಳಿತು ಅವರು ಸೆಂಪರ್‌ವೈರೆನ್ಸ್ ಸಂಘವನ್ನು ಕಟ್ಟಿದರು. ‘ಸದಾ ಹಸಿರು’ ಎಂಬ ಅರ್ಥ ಕೊಡುವ ಈ ಲ್ಯಾಟಿನ್ ಪದ ಆ ಮರದ ಶಾಸ್ತ್ರೀಯ ನಾಮದಲ್ಲೇ ಇದೆ. ಟೋಪಿಯೊಂದು ಕೈಯಿಂದ ಕೈಗೆ ಸುತ್ತಿತು. 32 ಡಾಲರು ಕೂಡಿತು. ನಮ್ಮ ಭಾಷೆಯಲ್ಲಿ ಟೋಪಿಗೂ ಹಣಕ್ಕೂ ಇರುವ ನಂಟು ಬೇರೆ ಬಗೆಯದು. ಅಲ್ಲಿ ಟೋಪಿ ಹಿಡಿಯುವುದೆಂದರೆ ವಂತಿಗೆ ಎತ್ತುವುದು.

32 ಡಾಲರಿಗೆ ಕಾಡು ಬರುವುದಿಲ್ಲ. ಅದನ್ನು ಹಿಡಿದು ಅವರು ಊರೂರಿಗೆ ಹೋದರು, ಪತ್ರಿಕೆಗಳಿಗೆ ಬರೆದರು, ಹಿಲ್ಲನ ಚಿತ್ರಗಳನ್ನು ಶಾಸಕರ ಮುಂದಿಟ್ಟರು. ಸಾಂತಾ ಕ್ಲಾರಾ ಕಾಲೇಜಿನ ಮುಖ್ಯಸ್ಥರಾಗಿದ್ದ ಪಾದ್ರಿ ರಾಬರ್ಟ್ ಕೆನ್ನಾ ಅವರೂ ಜೊತೆಗೂಡಿದರು. 1901ರಲ್ಲಿ ಎರಡೂವರೆ ಲಕ್ಷ ಡಾಲರುಗಳ ಮಸೂದೆಗೆ ಗವರ್ನರ್ ಹೆನ್ರಿ ಗೇಜ್ ಸಹಿ ಹಾಕಿದರು. 1902ರಲ್ಲಿ 3,800 ಎಕರೆ ಕಾಡು ಸರ್ಕಾರದ್ದಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಹೇಳಬೇಕಾಗಿರಲಿಲ್ಲ. 1904ರಲ್ಲಿ ಉದ್ಯಾನಕ್ಕೆ ಬೆಂಕಿ ಬಿತ್ತು. ಕೆಲವು ವರ್ಷಗಳಲ್ಲೇ, ಸುಟ್ಟ ಮರಗಳನ್ನು ತೆಗೆಯುವ ನೆಪದಲ್ಲಿ, ಸರ್ಕಾರದ ಕಾವಲಿನಲ್ಲೇ ಕೊಡಲಿಗಳು ಒಳಹೊಕ್ಕವು. ಹಿಲ್ ಮತ್ತೆ ಗದ್ದಲವೆಬ್ಬಿಸಬೇಕಾಯಿತು. ಸರ್ಕಾರದ ಕೈಗೆ ಒಪ್ಪಿಸಿದ ಮೇಲೆ ತಮ್ಮ ಹೊಣೆ ತೀರಿತೆಂದು ಆ ಸಂಘದವರು ಮನೆಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಹಿಲ್ 1922ರಲ್ಲಿ ತೀರಿಕೊಂಡ. ಆತನನ್ನು ಗದರಿಸಿ ಅಟ್ಟಿದ ಆ ಫೆಲ್ಟನ್ ತೋಪನ್ನು 1930ರಲ್ಲಿ ಜಿಲ್ಲೆಯ ಆಡಳಿತ ಕೊಂಡಿತು. ಪಕ್ಕದ ಕೌವೆಲ್ ಮನೆತನದವರು ಭೂಮಿ ದಾನ ಮಾಡಿದ ಮೇಲೆ 1954ರಲ್ಲಿ ಎರಡೂ ಸೇರಿ ರಾಜ್ಯದ ಉದ್ಯಾನವಾಯಿತು. ಈಗ ಅಲ್ಲಿ ಯಾರು ಬೇಕಾದರೂ ಚಿತ್ರ ತೆಗೆಯಬಹುದು.

ಈ ಚಳವಳಿಯಲ್ಲಿ ಹಿತವಲ್ಲದ ಸಂಗತಿಯೂ ಒಂದುಂಟು. ರೆಡ್‌ವುಡ್ ಕಾಡುಗಳ ರಕ್ಷಣೆಗಾಗಿ 1918ರಲ್ಲಿ ಇನ್ನೊಂದು ದೊಡ್ಡ ಲೀಗ್ ಹುಟ್ಟಿತು. ಅದರ ಕಾರ್ಯ ಅಸಾಧಾರಣವಾದದ್ದು. ಹಣ ಕೊಟ್ಟವರು ತಮಗೆ ಬೇಕಾದವರ ನೆನಪಿನಲ್ಲಿ ಒಂದು ತೋಪಿಗೆ ಹೆಸರಿಡಬಹುದೆಂಬ ಏರ್ಪಾಡನ್ನು ಅದು ಮಾಡಿತು. 1921ರಲ್ಲಿ ಮೊದಲನೆಯ ತೋಪು ಮಹಾಯುದ್ಧದಲ್ಲಿ ಮಡಿದ ಕರ್ನಲ್ ಬೋಲಿಂಗ್ ಹೆಸರಿನಲ್ಲಿ ಆಯಿತು. ಕಿರಿಯ ರಾಕ್‌ಫೆಲ್ಲರ್ ಇಪ್ಪತ್ತು ಲಕ್ಷ ಡಾಲರು ಕೊಟ್ಟರು. 1928ರಲ್ಲಿ ಅರವತ್ತು ಲಕ್ಷ ಡಾಲರುಗಳ ಸಾಲಪತ್ರದ ಯೋಜನೆಯನ್ನು ಮತಕ್ಕೆ ಇಟ್ಟಾಗ, ಸರ್ಕಾರ ಒಂದು ಡಾಲರು ಹಾಕಬೇಕಾದರೆ ಜನ ಒಂದು ಡಾಲರು ಅಥವಾ ಅಷ್ಟು ಬೆಲೆಯ ಭೂಮಿ ಕೊಡಬೇಕು ಎಂಬ ಷರತ್ತಿತ್ತು. ಮತದಾರರು ಹತ್ತಿರ ಹತ್ತಿರ ಒಂದಕ್ಕೆ ಮೂರರಂತೆ ಅದನ್ನು ಒಪ್ಪಿದರು.

ಆ ಲೀಗಿನ ಸ್ಥಾಪಕರಲ್ಲಿ ಒಬ್ಬ ಮ್ಯಾಡಿಸನ್ ಗ್ರಾಂಟ್. ಶ್ರೇಷ್ಠ ಜನಾಂಗವೊಂದು ಕುಲಗೆಡುತ್ತಿದೆ ಎಂದು 1916ರಲ್ಲಿ ಪುಸ್ತಕ ಬರೆದವನೂ, ವಲಸೆಯನ್ನು ಬಿಗಿಗೊಳಿಸಿದ 1924ರ ಕಾನೂನಿಗಾಗಿ ಶ್ರಮಿಸಿದವನೂ ಅವನೇ. ನಮ್ಮ ದೇಶದವರಿಗೆ 1917ರ ಕಾನೂನೇ ಬಾಗಿಲು ಮುಚ್ಚಿತ್ತು; ಅದು ಅಗಲವಾಗಿ ತೆರೆದದ್ದು 1965ರ ಶಾಸನದಿಂದ. ಮರದ ಮೇಲೆ ಅಷ್ಟು ಮಮತೆ ಇಟ್ಟವನಿಗೆ ಮನುಷ್ಯನ ಮೇಲೆ ಏಕೆ ಇಲ್ಲವಾಯಿತು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಉಳಿಸಿಕೊಟ್ಟದ್ದಕ್ಕೆ ಕೃತಜ್ಞರಾಗಿರಬೇಕೆ, ಯಾರಿಗಾಗಿ ಉಳಿಸಿದನೆಂದು ಕೇಳಬೇಕೆ? ಎರಡನ್ನೂ ಮಾಡಬೇಕು ಎಂದು ನನಗೆ ತೋರುತ್ತದೆ. ಲೀಗ್ ತಾನೇ 2020ರಲ್ಲಿ ಈ ಕಳಂಕವನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಪ್ರೇರಿ ಕ್ರೀಕ್ ಉದ್ಯಾನದಲ್ಲಿದ್ದ ಗ್ರಾಂಟನ ಸ್ಮಾರಕವನ್ನು 2021ರಲ್ಲಿ ತೆಗೆದರು. ಮರಗಳು ಅಲ್ಲೇ ಇವೆ. ಅವನು ಬೇಡವೆಂದ ಜನರ ಮಕ್ಕಳು ಅವುಗಳ ಕೆಳಗೆ ಬುತ್ತಿ ಬಿಚ್ಚುತ್ತಾರೆ.

ಇನ್ನು ಟೋಪಿಯ ಮಾತಿಗೆ ಮರಳೋಣ. 2011ರಲ್ಲಿ ಹಣದ ಮುಗ್ಗಟ್ಟಿನಿಂದ ಕ್ಯಾಲಿಫೋರ್ನಿಯ ತನ್ನ 278 ಉದ್ಯಾನಗಳಲ್ಲಿ 70ನ್ನು ಮುಚ್ಚುವುದಾಗಿ ಸಾರಿತು. ಜನ ಮತ್ತೆ ಎದ್ದರು. ಹೆನ್ರಿ ಕೋ ಎಂಬ ಉದ್ಯಾನಕ್ಕಾಗಿ ನಾಗರಿಕರೇ ನಿಧಿ ಕೂಡಿಸಿದರು. ಜ್ಯಾಕ್ ಲಂಡನ್ ಬಾಳಿದ ಗ್ಲೆನ್ ಎಲೆನ್‌ನ ಉದ್ಯಾನವೂ ಆ ಪಟ್ಟಿಯಲ್ಲಿತ್ತು. ಕಟ್ಟಿ ಮುಗಿಯುವ ಹೊತ್ತಿಗೆ, 1913ರಲ್ಲಿ, ಸುಟ್ಟುಹೋದ ಆತನ ಮಹಾಮನೆಯ ಕಲ್ಲುಗೋಡೆಗಳು ಅಲ್ಲಿ ಇಂದಿಗೂ ನಿಂತಿವೆ. ಹೊಸ ಕಾನೂನೊಂದರ ಆಸರೆಯಲ್ಲಿ 2012ರ ಮೇ ತಿಂಗಳಲ್ಲಿ ಸ್ಥಳೀಯ ಸೇವಾಸಂಘವೊಂದು ಅದರ ಆಡಳಿತವನ್ನೇ ವಹಿಸಿಕೊಂಡಿತು. ಇಷ್ಟಾದ ಮೇಲೆ ಜುಲೈಯಲ್ಲಿ ಬೇರೊಂದು ಸುದ್ದಿ ಹೊರಬಿತ್ತು. ಉದ್ಯಾನ ಇಲಾಖೆಯ ಲೆಕ್ಕದಲ್ಲಿ ತೋರಿಸದೆ ಉಳಿಸಿಕೊಂಡಿದ್ದ ಹಣ ಸುಮಾರು 5 ಕೋಟಿ 40 ಲಕ್ಷ ಡಾಲರು! ಮುಚ್ಚುವುದರಿಂದ ಉಳಿತಾಯವಾಗಬೇಕೆಂದಿದ್ದುದು 2 ಕೋಟಿ 20 ಲಕ್ಷ. ಇಲಾಖೆಯ ನಿರ್ದೇಶಕರು ರಾಜೀನಾಮೆ ಕೊಟ್ಟರು. ಗಂಟಿನಿಂದ ಬಿಚ್ಚಿ ಕೊಟ್ಟ ಜನರಿಗೆ ನಮ್ಮ ಭಾಷೆಯ ಅರ್ಥದಲ್ಲೇ ಟೋಪಿ ಬಿದ್ದಿತ್ತು.

ಅವರು ಸಿಟ್ಟಾದರು, ಆಗಬೇಕಾದದ್ದೇ. ಆದರೆ ಕೆಲಸವನ್ನು ಬಿಡಲಿಲ್ಲ. ಜ್ಯಾಕ್ ಲಂಡನ್ ಉದ್ಯಾನವನ್ನು ಆ ಸಂಘ ಹಿಂದಕ್ಕೆ ಎಸೆಯಲಿಲ್ಲ.

2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಎದ್ದ ಕಿಚ್ಚು ಬಿಗ್ ಬೇಸಿನ್ನಿನ ಹದಿನೆಂಟು ಸಾವಿರ ಎಕರೆಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಸುಟ್ಟಿತು. 1936ರಲ್ಲಿ ಕಟ್ಟಿದ ಮರದ ಕಚೇರಿ ಬೂದಿಯಾಯಿತು. ಎರಡು ವರ್ಷ ಬಾಗಿಲು ಮುಚ್ಚಿದ್ದ ಉದ್ಯಾನ 2022ರ ಜುಲೈಯಲ್ಲಿ ಭಾಗಶಃ ತೆರೆಯಿತು. ನಾನು ಕಂಡದ್ದು ಆ ಬಳಿಕದ ಕಾಡನ್ನು. ಬೊಡ್ಡೆಗಳು ಇದ್ದಿಲಿನಂತೆ ಕಪ್ಪು. ಅದೇ ಕಪ್ಪಿನಿಂದ, ಬುಡದಿಂದ ತುದಿಯವರೆಗೆ, ಮೈಗೆ ಹಸಿರು ಕೂದಲು ಬಂದಂತೆ ಚಿಗುರು. ದಪ್ಪ ತೊಗಟೆಯ ಒಳಗೆ ಜೀವ ಉಳಿದ ಮರ ಹೀಗೆ ಮತ್ತೆ ಚಿಗುರುತ್ತದೆ ಎಂದು ಆ ಮಹಿಳೆ ಮಕ್ಕಳಿಗೆ ಮುಟ್ಟಿ ತೋರಿಸುತ್ತಿದ್ದರು. ಮಕ್ಕಳ ಅಂಗೈಗಳೆಲ್ಲ ಮಸಿ.

ಹೊರಡುವಾಗ ಕಾಣಿಕೆಯ ಡಬ್ಬಿಯೊಂದು ಕಣ್ಣಿಗೆ ಬಿತ್ತು. ಜೇಬಿನಲ್ಲಿದ್ದ ಐದು ಡಾಲರಿನ ನೋಟನ್ನು ಮಡಿಸಿ ಹಾಕಿದೆ.

“ಗಾಡಿ ನಿಲ್ಲಿಸಿದ್ದಕ್ಕೆ ಆಗಲೇ ಕೊಟ್ಟಾಗಿದೆಯಲ್ಲಪ್ಪ” ಎಂದಳು ಮಗಳು.

“ಅದು ಗಾಡಿಗಾಯಿತು” ಎಂದೆ.