ಮುಚ್ಚಳಿಕೆ ಬರೆದುಕೊಟ್ಟ ಬಂಧುಗಳು

ರೋಗಿಯನ್ನು ಕಾನೂನು ಹೇಗೆ ಕಾಣುತ್ತದೆಂಬುದು ಒಂದು ಪ್ರಶ್ನೆ. ರೋಗಿಯ ಬಳಿ ಕುಳಿತು ಗಂಜಿ ಕುಡಿಸುವವನನ್ನು ಹೇಗೆ ಕಾಣುತ್ತದೆಂಬುದು ಇನ್ನೊಂದು. ಇವೆರಡಕ್ಕೂ ಉತ್ತರ ಬೇಕಾದವರು ನಮ್ಮ ದೇಶದ ಕುಷ್ಠರೋಗದ ಶಾಸನಗಳನ್ನು ನೋಡಬೇಕು.

1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಈ ರೋಗದ ಕ್ರಿಮಿಯನ್ನು ಕಂಡುಹಿಡಿದನು. ಪೂರ್ವಜನ್ಮದ ಪಾಪವೆನಿಸಿದ್ದುದು ಅಂಟುಜಾಡ್ಯವೆನಿಸಿತು. ಭಯ ಮಾತ್ರ ಕಡಿಮೆಯಾಗಲಿಲ್ಲ. ಹವಾಯಿ ದ್ವೀಪಗಳಲ್ಲಿ ರೋಗಿಗಳ ಸೇವೆಮಾಡುತ್ತಿದ್ದ ಫಾದರ್ ಡೇಮಿಯನ್ 1889ರಲ್ಲಿ ಅದೇ ರೋಗಕ್ಕೆ ಬಲಿಯಾದಾಗ ಅದು ಇಮ್ಮಡಿಸಿತು. 1890-91ರಲ್ಲಿ ಇಂಡಿಯಾಕ್ಕೆ ಬಂದ ಆಯೋಗವು, ಸೋಂಕಿನ ಅಪಾಯ ಅಲ್ಪ, ಬಲವಂತದಿಂದ ಕೂಡಿಹಾಕುವುದು ತರವಲ್ಲ ಎಂದಿತು. ಆದರೂ 1898ರಲ್ಲಿ ಕುಷ್ಠರೋಗಿಗಳ ಕಾಯಿದೆ ಬಂದೇ ಬಂದಿತು.

ಅದರ ಕಣ್ಣು ಬಿದ್ದದ್ದು ಬಡವರ ಮೇಲೆ. ಭಿಕ್ಷೆ ಬೇಡುವ, ಜೀವನೋಪಾಯವಿಲ್ಲದ ರೋಗಿಯನ್ನು ಪೋಲೀಸಿನವರು ವಾರಂಟಿಲ್ಲದೆ ಹಿಡಿಯಬಹುದಾಗಿತ್ತು; ಮ್ಯಾಜಿಸ್ಟ್ರೇಟರು ಕುಷ್ಠಾಶ್ರಮಕ್ಕೆ ಕಳುಹಿಸಬಹುದಾಗಿತ್ತು. ಊರಬಾವಿಯಲ್ಲಿ ನೀರು ಸೇದದಂತೆ, ತಿಂಡಿ ಮಾಡಿ ಮಾರದಂತೆ ತಡೆಯುವ ಅಧಿಕಾರವೂ ಸರಕಾರಕ್ಕಿತ್ತು. ಕರುಣೆಗೆ ಒಂದೇ ಕಿಂಡಿ: ಬಂಧುವೋ ಮಿತ್ರನೋ, ‘ಇವನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಬೀದಿಯಲ್ಲಿ ಬೇಡಲು ಬಿಡುವುದಿಲ್ಲ’ ಎಂದು ಬರೆದುಕೊಟ್ಟರೆ ರೋಗಿಯನ್ನು ಅವನ ವಶಕ್ಕೆ ಒಪ್ಪಿಸಬಹುದಿತ್ತು, ಬೇಕೆನಿಸಿದರೆ ಜಾಮೀನನ್ನೂ ಕೇಳಬಹುದಿತ್ತು. ಶುಶ್ರೂಷೆಮಾಡುವವನು ಈ ಶಾಸನದೊಳಗೆ ಕಾಲಿಟ್ಟದ್ದು ಹೀಗೆ, ಮುಚ್ಚಳಿಕೆ ಹಿಡಿದು. ಅವನ ಮನೆಯಲ್ಲಿ ಅಕ್ಕಿ ಇದೆಯೇ ಎಂದು ಯಾರೂ ವಿಚಾರಿಸಲಿಲ್ಲ.

ಸೇವಾಗ್ರಾಮದಲ್ಲಿ ಗಾಂಧೀಜಿ ಪರಚುರೆ ಶಾಸ್ತ್ರಿಗಳ ಮೈ ನೀವುತ್ತಿದ್ದಾಗಲೂ ಈ ಕಾಯಿದೆ ಜೀವಂತವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ರಚಿತವಾದ 1955ರ ಹಿಂದೂ ವಿವಾಹ ಕಾಯಿದೆಯೂ ಗುಣವಾಗದ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪಿತು. ಅಂದರೆ, ಆರೈಕೆಮಾಡಬೇಕಾದ ಕೈಗೆ ಬಿಟ್ಟುಹೋಗುವ ದಾರಿಯನ್ನು ತೋರಿಸಿತು.

ಔಷಧ ಕಾನೂನಿಗಿಂತ ಬೇಗ ನಡೆಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಸೂಚಿಸಿತು. ಕುಷ್ಠ ಗುಣವಾಗುವ ರೋಗವಾಯಿತು. ಆದರೆ ಹಳೆಯ ಕಾಯಿದೆ ರದ್ದಾದುದು 2016ರಲ್ಲಿ. ವಿಚ್ಛೇದನದ ಕಾರಣಗಳಿಂದ ಕುಷ್ಠದ ಹೆಸರು ಅಳಿದುದು 2019ರಲ್ಲಿ.

ಅದೇ 2016ರಲ್ಲಿ ಬಂದ ಅಂಗವಿಕಲರ ಹಕ್ಕುಗಳ ಕಾಯಿದೆ ಕುಷ್ಠದಿಂದ ಗುಣಹೊಂದಿದವರನ್ನೂ ತನ್ನ ರಕ್ಷಣೆಗೆ ಸೇರಿಸಿಕೊಂಡಿತು. ಸಂಬಳ ಪಡೆದೋ ಪಡೆಯದೆಯೋ ನೋಡಿಕೊಳ್ಳುವ ತಂದೆತಾಯಿಗಳನ್ನು, ಮನೆಯವರನ್ನು ‘ಆರೈಕೆದಾರ’ರೆಂದು ಹೆಸರಿಟ್ಟು ಕರೆಯಿತು, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಯ ಭತ್ಯೆಯ ಮಾತನ್ನೂ ಆಡಿತು. ಆದರೆ ಸರಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಷರತ್ತು ಆ ಮಾತಿನ ಜೊತೆಗೇ ಇದೆ.

ಮುಚ್ಚಳಿಕೆ ಕೇಳುತ್ತಿದ್ದ ಕಾನೂನು ಇಂದು ಭತ್ಯೆ ಕೊಡುವೆನೆನ್ನುತ್ತಿದೆ. ನೂರಹದಿನೆಂಟು ವರ್ಷಗಳ ದಾರಿ ಇದು. ಅಂದು ಬಂಧುವಿನ ಮಾತಿಗೆ ಜಾಮೀನು ಕೇಳಿದ ಸರಕಾರದ ಈ ಮಾತಿಗೆ ಜಾಮೀನು ಯಾರು?